ತುತ್ತು ಇಳಿಯದವರ ಅರವತ್ತು ವರ್ಷ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಮಾತು ಮತ್ತು ಕಿವಿಯ ತೊಂದರೆಗಳಿಗೆಂದು ಶುರುವಾದ ಈ ಸಂಸ್ಥೆಯಲ್ಲಿ ಇಂದು ನುಂಗುವ ತೊಂದರೆಗಳಿಗೇ ಮೀಸಲಾದ ಕೇಂದ್ರವಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರದು. ಬೆಂಗಳೂರಿನ ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದದ್ದು 1974ರ ಡಿಸೆಂಬರಿನಲ್ಲಿ. ನರರೋಗ ಮತ್ತು ನುಂಗುವಿಕೆಯ ಬಗೆಗಿನ ತಿಳಿವಳಿಕೆ ಕನ್ನಡನಾಡಿನಲ್ಲಿ ಬೇರುಬಿಟ್ಟು ಹೆಚ್ಚುಕಡಿಮೆ ಅರವತ್ತು ವರ್ಷವಾಯಿತು. ಹೀಗೆ ಗಳಿಸಿದ್ದರಲ್ಲಿ ಎಷ್ಟು ಪಾಲು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಹಾಸಿಗೆ ಹಿಡಿದವರ ತನಕ ಬಂದು ಮುಟ್ಟಿದೆ ಎಂದು ತಿರುಗಿ ನೋಡುವ ಹೊತ್ತು ಇದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುತ್ತೇವೆ. ಈ ಅವಧಿಯಲ್ಲಿ ಕಲಿತದ್ದರಲ್ಲಿ ಅತಿ ಹೆಚ್ಚು ಜೀವ ಉಳಿಸುವ ಸಂಗತಿಗೆ ಯಂತ್ರ ಬೇಕಿಲ್ಲ. ರೋಗಿ ಸುರಕ್ಷಿತವಾಗಿ ನುಂಗಬಲ್ಲನೇ ಎಂದು ನೋಡುವವರೆಗೆ ಅವನ ಬಾಯಿಗೆ ಏನನ್ನೂ ಹಾಕಬಾರದೆಂಬ ಕಟ್ಟುನಿಟ್ಟು ಬೇಕು, ಅದನ್ನು ನೋಡಲು ತರಬೇತಾದ ಒಬ್ಬರು ಬೇಕು. ನಮ್ಮ ತಾಲ್ಲೂಕುಗಳಿಗೆ ಸರಿಯಾಗಿ ಬಂದು ತಲುಪದೆ ಉಳಿದದ್ದು ಇದೇ.

ಲಕ್ವಾ ಹೊಡೆದವರ ಮನೆಯಲ್ಲಿ ಮೊದಲ ಹತ್ತು ನಿಮಿಷ ಏನಾಗುತ್ತದೆಂದು ಈ ಭಾಗದವರಿಗೆ ಗೊತ್ತು. ಬಾಯಿ ಸೊಟ್ಟಗಾಗಿದೆ, ಕೈ ಬಿದ್ದಿದೆ. ಯಾರೋ ಚರಗಿ ತಂದು "ಅಜ್ಜಾ, ಒಂದ್ ಗುಟುಕ ನೀರ ಕುಡಿ" ಎನ್ನುತ್ತಾರೆ. ಇನ್ನೊಬ್ಬರು ನಾಟಿ ಔಷಧ ಅರೆದು ಹಾಲಿನಲ್ಲಿ ಕಲಸುತ್ತಾರೆ. ಅಕ್ಕರೆಯಿಂದ ಕೊಟ್ಟ ಆ ಗುಟುಕು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿದರೆ ಎರಡು-ಮೂರು ದಿನದಲ್ಲಿ ಜ್ವರ, ಕಫ, ನ್ಯುಮೋನಿಯಾ. ಲಕ್ವಾದಿಂದ ಪಾರಾಗಬಹುದಾಗಿದ್ದ ಮನುಷ್ಯ ಎದೆಯ ಸೋಂಕಿನಿಂದ ಸಾಯುತ್ತಾನೆ. ಮನೆಯವರು ಮಾತ್ರ ಲಕ್ವಾದಿಂದಲೇ ಹೋದನೆಂದು ನಂಬಿರುತ್ತಾರೆ.

ನುಂಗುವುದು ನಾವು ಗಮನಿಸದೆಯೇ ದಿನಕ್ಕೆ ನೂರಾರು ಸಲ ಮಾಡುವ ಕೆಲಸ. ನಾಲಿಗೆ ತುತ್ತನ್ನು ಹಿಂದಕ್ಕೆ ದೂಡಿದ ಮೇಲೆ ಗಂಟಲಿನ ಹಂತ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯಬೇಕು, ಧ್ವನಿತಂತುಗಳು ಬಿಗಿಯಬೇಕು, ಉಸಿರು ಕ್ಷಣಕಾಲ ನಿಲ್ಲಬೇಕು, ಅನ್ನನಾಳದ ಬಾಯಿ ತೆರೆದುಕೊಳ್ಳಬೇಕು. ಗಂಟಲು ಎಂದರೆ ರೈಲು ಮತ್ತು ರಸ್ತೆ ಒಂದನ್ನೊಂದು ದಾಟುವ ಗೇಟು. ಒಂದು ಹೋಗುವಾಗ ಇನ್ನೊಂದು ನಿಲ್ಲಲೇಬೇಕು. ಈ ಗೇಟನ್ನು ಕಾಯುವುದು ಮಿದುಳಿನ ಕಾಂಡ. ಅದಕ್ಕೆ ಮೇಲಿಂದ ಅಪ್ಪಣೆ ಕೊಡುವುದು ಮಿದುಳಿನ ಎರಡೂ ಬದಿ. 1990ರ ದಶಕದಲ್ಲಿ ಇಂಗ್ಲೆಂಡಿನ ಶಾಹೀನ್ ಹಮ್ದಿ ಮತ್ತು ಸಂಗಡಿಗರು ಒಂದು ಮುಖ್ಯ ಸಂಗತಿಯನ್ನು ತೋರಿಸಿದರು: ಲಕ್ವಾದಲ್ಲಿ ಒಂದು ಬದಿ ಸೋತರೂ ಚೆನ್ನಾಗಿರುವ ಇನ್ನೊಂದು ಬದಿ ನಿಧಾನವಾಗಿ ನುಂಗುವ ಹೊಣೆಯನ್ನು ಹೊತ್ತುಕೊಳ್ಳುತ್ತದೆ. ಬಹಳಷ್ಟು ಜನ ಕೆಲವೇ ವಾರಗಳಲ್ಲಿ ಮತ್ತೆ ನುಂಗಲು ಕಲಿಯುವುದು ಇದರಿಂದಲೇ. ಆ ಕೆಲವು ವಾರ ಅವರ ಎದೆಯನ್ನು ಕಾಪಾಡಿ ದಾಟಿಸುವುದೇ ಚಿಕಿತ್ಸೆಯ ಮೊದಲ ಗುರಿ.

ಎಷ್ಟು ಜನರಿಗೆ ಈ ತೊಂದರೆ ಬರುತ್ತದೆ? ಕೆನಡಾದ ರೋಸ್‌ಮೇರಿ ಮಾರ್ಟಿನೊ ಮತ್ತು ಸಂಗಡಿಗರು 2005ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಸರಳ ತಪಾಸಣೆಯಲ್ಲಿ ಲಕ್ವಾ ರೋಗಿಗಳ ಶೇ 37ರಿಂದ 45ರಷ್ಟು ಜನರಲ್ಲಿ ನುಂಗುವ ತೊಂದರೆ ಕಂಡಿತು. ಎಕ್ಸ್‌ರೇ ಮೊದಲಾದ ಉಪಕರಣಗಳಿಂದ ನೋಡಿದಾಗ ಅದು ಶೇ 64ರಿಂದ 78ಕ್ಕೆ ಏರಿತು. ತೊಂದರೆ ಇದ್ದವರಲ್ಲಿ ನ್ಯುಮೋನಿಯಾದ ಅಪಾಯ ಮೂರು ಪಟ್ಟು. ಆಹಾರ ಶ್ವಾಸನಾಳಕ್ಕೆ ಇಳಿಯುವುದು ಖಚಿತವಾದವರಲ್ಲಿ ಹನ್ನೊಂದು ಪಟ್ಟು. ಸರಳ ತಪಾಸಣೆಯ ಅಂಕಿಗೂ ಉಪಕರಣದ ಅಂಕಿಗೂ ನಡುವಿನ ಅಂತರದಲ್ಲಿ ಇರುವವರ ಬಗ್ಗೆ ಹೆಚ್ಚು ಭಯಪಡಬೇಕು. ಅವರಲ್ಲಿ ಎಷ್ಟೋ ಜನರಿಗೆ ಕೆಮ್ಮೇ ಬರುವುದಿಲ್ಲ. ಗಂಟಲಿನ ಸಂವೇದನೆಯೂ ಸತ್ತಿರುವುದರಿಂದ ನೀರು ತಪ್ಪು ದಾರಿ ಹಿಡಿದದ್ದು ದೇಹಕ್ಕೇ ತಿಳಿಯುವುದಿಲ್ಲ. ಊಟದ ನಡುವೆ ಕೆಮ್ಮಿದರೆ "ನೆತ್ತಿಗೇರಿತು, ಯಾರೋ ನೆನೆಸಾಕತ್ತಾರ" ಎಂದು ತಲೆ ತಟ್ಟಿ ಸುಮ್ಮನಾಗುವ ಮನೆಗಳಲ್ಲಿ ಕೆಮ್ಮು ಬರುವವರನ್ನೇ ಗುರುತಿಸುವುದು ಕಷ್ಟ. ಬಾರದವರನ್ನು ಗುರುತಿಸುವುದು ಇನ್ನೂ ಕಷ್ಟ. ಊಟವಾದ ಮೇಲೆ ದನಿ ಒದ್ದೆಯಾಗಿ ಗೊರಗೊರ ಎನ್ನುವುದು, ಒಂದು ಊಟಕ್ಕೆ ಮುಕ್ಕಾಲು ತಾಸು ಹಿಡಿಯುವುದು, ಕೆನ್ನೆಯಲ್ಲಿ ತುತ್ತು ಉಳಿದುಬಿಡುವುದು, ಪದೇ ಪದೇ ಜ್ವರ, ಕಾರಣ ತಿಳಿಯದೆ ತೂಕ ಇಳಿಯುವುದು ಅವರ ಗುರುತುಗಳು.

ಪಠ್ಯಪುಸ್ತಕದಲ್ಲಿ ಕಾರಣಗಳ ಪಟ್ಟಿ ಲಕ್ವಾದಿಂದ ಶುರುವಾಗಿ ಪಾರ್ಕಿನ್ಸನ್, ಮೋಟರ್ ನ್ಯೂರಾನ್ ಕಾಯಿಲೆ, ಮರೆವಿನ ಕಾಯಿಲೆ, ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಎಂದು ಸಾಗುತ್ತದೆ. ಅವೆಲ್ಲ ಇಲ್ಲಿಯೂ ಇವೆ. ಆದರೆ ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ಈ ಕಬ್ಬಿನ ಸೀಮೆಯಲ್ಲಿ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಲೇಬೇಕು.

ಮೊದಲನೆಯದು ಹಾವು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರ-ಸ್ನಾಯುಗಳ ನಂಟನ್ನು ಕಡಿದುಹಾಕುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಉಗುಳು ನುಂಗಲಾಗದೆ ಬಾಯಲ್ಲೇ ತುಂಬಿಕೊಳ್ಳುತ್ತದೆ, ದನಿ ಮೂಗಿನಲ್ಲಿ ಬರುತ್ತದೆ, ಕೊನೆಗೆ ಉಸಿರು ಸೋಲುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಗುರುತು ಕಾಣದಿರುವುದೂ ಉಂಟು. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಲ್ಲಿ ಮಲಗಿದ್ದವನೊಬ್ಬ ನಸುಕಿನಲ್ಲಿ ಎದ್ದು ಹೊಟ್ಟೆನೋವು, ನುಂಗಲಾಗದು ಎಂದರೆ ಅದು ಹಾವೇ ಇರಬಹುದೆಂಬ ಅನುಮಾನ ಮೊದಲು ಬರಬೇಕು. ಪ್ರತಿವಿಷ, ಅಗತ್ಯವಿದ್ದರೆ ನಿಯೋಸ್ಟಿಗ್ಮಿನ್, ಕೃತಕ ಉಸಿರಾಟ ಇವು ಸಕಾಲಕ್ಕೆ ಸಿಕ್ಕರೆ ಈ ರೋಗಿ ಪೂರ್ತಿ ಗುಣವಾಗಬಲ್ಲ. ನರರೋಗಗಳಲ್ಲಿ ಇಂಥ ಮಾತು ಹೇಳಲು ಸಾಧ್ಯವಾಗುವುದು ಅಪರೂಪ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಈ ಅವಲೋಕನದಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಹೆಜ್ಜೆಗಳಲ್ಲಿ ಅದೊಂದು.

ಎರಡನೆಯದು ಹೊಲಕ್ಕೆ ಹೊಡೆಯುವ ಎಣ್ಣೆ. ಆರ್ಗನೊಫಾಸ್ಫೇಟ್ ಕೀಟನಾಶಕ ಕುಡಿದವರು ಮೊದಲ ದಿನದ ವಾಂತಿ, ಜೊಲ್ಲು, ಬೆವರುಗಳಿಂದ ಚೇತರಿಸಿಕೊಂಡು ಎದ್ದು ಕುಳಿತಿರುತ್ತಾರೆ. ಮನೆಯವರು ಡಿಸ್ಚಾರ್ಜ್ ಕೇಳುತ್ತಾರೆ. ಆಗ, ಒಂದರಿಂದ ನಾಲ್ಕನೇ ದಿನದೊಳಗೆ, ಕುತ್ತಿಗೆ ಎತ್ತಲಾಗದಂತಾಗಿ, ನುಂಗಲಾಗದೆ, ಉಸಿರು ಕಟ್ಟುವ ಎರಡನೇ ಗಂಡಾಂತರ ಬರುತ್ತದೆ. ಇದನ್ನು 1987ರಲ್ಲಿ ಸ್ಪಷ್ಟವಾಗಿ ಗುರುತಿಸಿ ಬರೆದವರು ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ. ನಮ್ಮಂಥದೇ ಬೇಸಾಯದ ನಾಡಿನಲ್ಲಿ ಕೆಲಸ ಮಾಡಿದವರು. ತಲೆದಿಂಬಿನಿಂದ ತಲೆ ಎತ್ತಲು ಹೇಳಿ ನೋಡುವುದಷ್ಟೇ ಇದರ ಪರೀಕ್ಷೆ.

ಮೂರನೆಯದು ಗಂಟಲುಮಾರಿ, ಎಂದರೆ ಡಿಫ್ತೀರಿಯಾ. ಇದು ಅಳಿದುಹೋಯಿತೆಂದು ನಂಬಿದ್ದಾಗ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಮರಳಿ ಬಂದದ್ದನ್ನು ಈ ಭಾಗದ ವೈದ್ಯರೇ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. ಗಂಟಲ ಬೇನೆ ಇಳಿದು ಎರಡು-ಮೂರು ವಾರವಾದ ಮೇಲೆ ಮಗು ಕುಡಿದ ಹಾಲು ಮೂಗಿನಿಂದ ಬರತೊಡಗಿದರೆ ಅದು ರೋಗಾಣುವಿನ ವಿಷದಿಂದ ಅಂಗುಳಿನ ನರ ಸೋತದ್ದರ ಗುರುತು. ಚಿಕ್ಕಂದಿನ ಲಸಿಕೆಯ ಜೊತೆ 10 ಮತ್ತು 16ನೇ ವಯಸ್ಸಿನ ಟಿಡಿ ಚುಚ್ಚುಮದ್ದು ತಪ್ಪದಿದ್ದರೆ ಈ ಸಂಕಟ ಬರಬೇಕಾಗಿಯೇ ಇಲ್ಲ.

ಉಳಿದವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ಊಟದ ಶುರುವಿಗೆ ಸರಿಯಿದ್ದು ಕೊನೆಗೆ ದವಡೆ ಸೋಲುವವರಲ್ಲಿ ಮಯಸ್ತೇನಿಯಾ ಇರಬಹುದು. ಅದಕ್ಕೆ ಒಳ್ಳೆಯ ಔಷಧಗಳಿವೆ. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯವರು ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ನೋಡಿ ಉಣ್ಣಬೇಕು. ಹರೆಯದಲ್ಲೇ ಕಿವಿ ಮಂದವಾಗಿ, ನಾಲಿಗೆ ಸೊರಗಿ, ನುಂಗಲಾಗದಂತಾಗುವ ಮೋಟರ್ ನ್ಯೂರಾನ್ ಕಾಯಿಲೆಯ ಒಂದು ಬಗೆ ದಕ್ಷಿಣ ಭಾರತದಲ್ಲೇ ಹೆಚ್ಚು. 1970ರಲ್ಲಿ ಮದ್ರಾಸಿನ ವೈದ್ಯರು ಅದನ್ನು ಮೊದಲು ವಿವರಿಸಿದರು. ಆಮೇಲೆ ನಿಮ್ಹಾನ್ಸ್ ವೈದ್ಯರು ಬಹಳ ಪ್ರಕರಣಗಳನ್ನು ಅಧ್ಯಯನ ಮಾಡಿದರು. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನೀರಿಗೆ ಮೊದಲು ಕೆಮ್ಮು ಬಂದರೆ ಸಾಮಾನ್ಯವಾಗಿ ಅದು ನರದ ತೊಂದರೆ. ಮೊದಲು ರೊಟ್ಟಿ ಸಿಕ್ಕಿಕೊಂಡು, ದಿನ ಕಳೆದಂತೆ ಅನ್ನ, ಆಮೇಲೆ ಗಂಜಿಯೂ ಇಳಿಯದಂತಾದರೆ ಅನ್ನನಾಳದ ಕ್ಯಾನ್ಸರ್ ಇರಬಹುದು. ನಿಪ್ಪಾಣಿಯ ತಂಬಾಕು ಬಗಲಲ್ಲೇ ಬೆಳೆಯುವ, ಮಿಶ್ರಿ ತಿಕ್ಕುವ ರೂಢಿಯಿರುವ ಈ ಗಡಿಭಾಗದಲ್ಲಿ ಎಂಡೋಸ್ಕೋಪಿಗೆ ಒಂದು ವಾರವೂ ತಡಮಾಡಬಾರದು.

ಪರೀಕ್ಷೆಯ ವಿಧಾನಗಳು ನಮ್ಮ ಕಣ್ಣೆದುರೇ ಬೆಳೆದವು. ಬೇರಿಯಂ ಬೆರೆಸಿದ ಆಹಾರ ಇಳಿಯುವುದನ್ನು ಎಕ್ಸ್‌ರೇ ಚಲನಚಿತ್ರವಾಗಿ ನೋಡುವ ವಿಧಾನಕ್ಕೆ ಅಮೆರಿಕದ ಜೆರಿ ಲೋಗ್‌ಮನ್ 1980ರ ದಶಕದಲ್ಲಿ ಅಡಿಪಾಯ ಹಾಕಿದರು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮೂಗಿನೊಳಗಿಂದ ತೆಳುವಾದ ದುರ್ಬೀನು ಇಳಿಸಿ ಗಂಟಲನ್ನು ನೇರವಾಗಿ ನೋಡುವ ಕ್ರಮವನ್ನು ಪ್ರಕಟಿಸಿದರು. ಇವೆರಡೂ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಸೌಲಭ್ಯಗಳು. ಹುಕ್ಕೇರಿಯವರು ಇದಕ್ಕಾಗಿ ಬೆಳಗಾವಿಗೋ ಕೊಲ್ಲಾಪುರಕ್ಕೋ ಹೋಗಬೇಕು. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಮಿರಜಿಗೆ ಹೋಗುವ ರೂಢಿಯೂ ಹಳೆಯದು. ಅಲ್ಲಿ ವಾನ್ಲೆಸ್ ಮಿಷನ್ ಆಸ್ಪತ್ರೆ 1894ರಲ್ಲೇ ಶುರುವಾಗಿತ್ತು. ಹೋಗುವ ದಾರಿಯೂ ಸದಾ ತೆರೆದಿರುವುದಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಲೋಳಸೂರ ಸೇತುವೆ ಮುಳುಗಿದಾಗ ಗೋಕಾಕಕ್ಕೂ ಮೂಡಲಗಿಯ ಕಡೆಗೂ ನೇರ ಸಂಪರ್ಕವೇ ಕಡಿದುಹೋಗಿತ್ತು.

ಆದರೆ ಹಾಸಿಗೆ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆಗಳೂ ಅದೇ ಕಾಲದಲ್ಲಿ ಗಟ್ಟಿಯಾದವು. 90 ಮಿಲಿಲೀಟರ್ ನೀರನ್ನು ನಿಲ್ಲಿಸದೆ ಕುಡಿಸಿ ಕೆಮ್ಮು, ಒದ್ದೆ ದನಿ ಬರುತ್ತದೆಯೇ ಎಂದು ನೋಡುವ ಪರೀಕ್ಷೆ 1992ರದು. 2007ರಲ್ಲಿ ಆಸ್ಟ್ರಿಯಾದಿಂದ ಬಂದ ಗಸ್ ಪರೀಕ್ಷೆ ಇನ್ನೂ ಜಾಣತನದ್ದು. ರೋಗಿ ಎಚ್ಚರವಾಗಿದ್ದಾನೆಯೇ, ಕೆಮ್ಮಬಲ್ಲನೇ, ತನ್ನ ಉಗುಳು ನುಂಗಬಲ್ಲನೇ ಎಂದು ಮೊದಲು ನೋಡಿ, ಆಮೇಲೆ ಮಂದವಾದ ಪದಾರ್ಥ, ಅದಾದ ಮೇಲೆ ನೀರು, ಕೊನೆಗೆ ಗಟ್ಟಿ ಆಹಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಒಂದು ಮೆಟ್ಟಿಲಿನಲ್ಲಿ ಸೋತರೆ ಅಲ್ಲಿಗೇ ನಿಲ್ಲಿಸುವುದು. ತರಬೇತಾದ ಸ್ಟಾಫ್ ನರ್ಸ್ ಇದನ್ನು ಮಾಡಬಲ್ಲರು.

ನರ್ಸ್‌ಗಳು ಮಾಡಿದರೆ ಏನು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಿಂದ ಬಂದ ಉತ್ತರವನ್ನು ನಮ್ಮ ಆರೋಗ್ಯ ಇಲಾಖೆಯವರೆಲ್ಲ ಓದಬೇಕು. ನ್ಯೂ ಸೌತ್ ವೇಲ್ಸ್‌ನ 19 ಲಕ್ವಾ ಘಟಕಗಳಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಸ್ಯಾಂಡಿ ಮಿಡಲ್ಟನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಜ್ವರ ನೋಡಿ ಇಳಿಸುವುದು, ರಕ್ತದ ಸಕ್ಕರೆ ನೋಡಿ ಹತೋಟಿಗೆ ತರುವುದು, ಏನನ್ನಾದರೂ ಬಾಯಿಗೆ ಕೊಡುವ ಮೊದಲು ನುಂಗುವ ಪರೀಕ್ಷೆ ಮಾಡುವುದು. ಈ ಮೂರನ್ನು ನರ್ಸ್‌ಗಳು ತಪ್ಪದೆ ಪಾಲಿಸಿದ ಕಡೆ 90 ದಿನಗಳ ಕೊನೆಗೆ ಸತ್ತವರು ಅಥವಾ ಪರಾವಲಂಬಿಯಾದವರು ಶೇ 42. ಎಂದಿನಂತೆ ನಡೆದ ಕಡೆ ಶೇ 58. ಕಾಯಿಲೆಯ ಹೆಸರಿನಲ್ಲಿ ಕೋಟಿಗಟ್ಟಲೆ ಬೆಲೆಯ ಸ್ಕ್ಯಾನರ್ ತರಿಸಿದರೂ ಇಷ್ಟು ದೊಡ್ಡ ವ್ಯತ್ಯಾಸ ಸಿಗುವುದು ಕಷ್ಟ.

ಚಿಕಿತ್ಸೆಯ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಒಂದು ತುತ್ತು ಇಳಿದದ್ದು ಖಚಿತವಾದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಇಷ್ಟು ಎಲ್ಲರಿಗೂ ಹೇಳಬಹುದಾದ ಮಾತು. ಉಣಿಸುವ ಪದಾರ್ಥದ ವಿಷಯಕ್ಕೆ ಬಂದರೆ ಇಲ್ಲಿಯ ಅಡುಗೆಗೆ ಇಲ್ಲಿಯದೇ ಲೆಕ್ಕ ಬೇಕು. ಕಟಕ ರೊಟ್ಟಿ, ಚುರಮುರಿ, ಶೇಂಗಾ ಚಟ್ನಿಪುಡಿ ಬಾಯಲ್ಲಿ ಪುಡಿಯಾಗಿ ಚೆದುರಿ ದಾರಿ ತಪ್ಪುತ್ತವೆ. ಗೋಕಾಕದ ಹೆಮ್ಮೆಯ ಕರದಂಟು, ಅಂಟು ಮತ್ತು ಬೆಲ್ಲದ ಹಿಡಿತದಿಂದಾಗಿ, ಈ ರೋಗಿಗೆ ಅಪಾಯದ ತಿನಿಸು. ನೋಡಲು ಬಂದ ನೆಂಟರು ಬಾಣಂತಿಗೆ ಕೊಡುವಂತೆ ಶಕ್ತಿಗೆಂದು ಇವನ ಬಾಯಿಗೂ ಅದನ್ನು ಇಡಬಾರದು. ಜಡ್ಡಿನವರ ಊಟವೆಂದು ಮನೆಮನೆಯಲ್ಲೂ ಕೊಡುವ ಹಾಲಿನಲ್ಲಿ ನೆನೆಸಿದ ರೊಟ್ಟಿಯೂ ಕಷ್ಟದ್ದೇ: ರೊಟ್ಟಿ ಅಗಿಯುವಷ್ಟರಲ್ಲಿ ತೆಳುವಾದ ಹಾಲು ಮೊದಲೇ ಗಂಟಲಿಗೆ ಜಾರಿರುತ್ತದೆ. ಎರಡನ್ನೂ ಒಂದಾಗುವಂತೆ ಕಿವುಚಿ ಮೆತ್ತಗೆ ಮಾಡಿದರೆ ವಾಸಿ. ಚೆನ್ನಾಗಿ ಬೇಯಿಸಿ ಮೊಸರು ಕಲಸಿ ಕಿವುಚಿದ ಜೋಳದ ನುಚ್ಚು, ಸಜ್ಜಕ, ಕಿವುಚಿದ ಬಾಳೆಹಣ್ಣು ಬಹಳಷ್ಟು ಜನರಿಗೆ ಇಳಿಯುತ್ತವೆ.

ಮಂದತೆಯನ್ನು ಅಳೆಯಲು ಈಗ ಜಗತ್ತಿಗೆಲ್ಲ ಒಂದೇ ಅಳತೆ ಇದೆ. ಸೊನ್ನೆಯಿಂದ ಏಳರವರೆಗಿನ ಎಂಟು ಹಂತಗಳ ಐಡಿಡಿಎಸ್‌ಐ ಕ್ರಮ. ಅಳೆಯುವ ಸಾಧನ ಹತ್ತು ಮಿಲಿಲೀಟರಿನ ಸಿರಿಂಜು. ಸೊನ್ನೆಯಿಂದ ಹತ್ತರ ಗೀಟಿನವರೆಗೆ ಅದರ ಉದ್ದ 61.5 ಮಿಲಿಮೀಟರ್ ಇರಬೇಕು. ದಂಡ ತೆಗೆದು, ತುದಿಗೆ ಬೆರಳಿಟ್ಟು, ಹತ್ತರ ಗೀಟಿನವರೆಗೆ ಅಂಬಲಿ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡು ಎಣಿಸಿ. ಒಳಗೆ ಒಂದರಿಂದ ನಾಲ್ಕು ಮಿಲಿ ಉಳಿದರೆ ಒಂದನೇ ಹಂತ, ನಾಲ್ಕರಿಂದ ಎಂಟು ಉಳಿದರೆ ಎರಡನೇದು, ಎಂಟಕ್ಕಿಂತ ಹೆಚ್ಚು ಉಳಿದರೆ ಮೂರನೇದು. ಆಶಾ ಕಾರ್ಯಕರ್ತೆಯರು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ ಇದು. ಹಿಟ್ಟಿನಿಂದ ಮಂದವಾದ ಅಂಬಲಿ ಬಾಯಿಯ ಉಗುಳು ಸೇರಿದಾಗ ತೆಳುವಾಗುತ್ತದೆ, ಆರಿದಾಗ ಗಟ್ಟಿಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಇನ್ನೊಂದು ಮಾತು: ನೀರನ್ನು ಮಂದ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಒಂದು ಕಾಲಕ್ಕೆ ಬಲವಾಗಿತ್ತು. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ಅದನ್ನು ಅಲುಗಿಸಿತು. ಮಂದ ನೀರು ಕುಡಿದವರಲ್ಲಿ ನ್ಯುಮೋನಿಯಾ ನಿರೀಕ್ಷಿಸಿದಷ್ಟು ಇಳಿಯಲಿಲ್ಲ, ನಿರ್ಜಲತೆ ಮಾತ್ರ ಹೆಚ್ಚಿತು. ಆದ್ದರಿಂದ ಎಷ್ಟು ಮಂದ, ಎಷ್ಟು ದಿನ ಎಂಬುದನ್ನು ತಿಳಿದವರು ಆಗಾಗ ನೋಡಿ ಬದಲಾಯಿಸಬೇಕು.

ಬಾಯಿ ತೊಳೆಯುವ ವಿಷಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಶ್ವಾಸಕೋಶಕ್ಕೆ ಇಳಿಯುವ ಉಗುಳು ಎಷ್ಟು ಕೊಳಕಾಗಿದೆ ಎಂಬುದರ ಮೇಲೆ ನ್ಯುಮೋನಿಯಾ ನಿಂತಿದೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಹಲ್ಲು-ನಾಲಿಗೆಗಳನ್ನು ಕ್ರಮವಾಗಿ ಶುಚಿ ಮಾಡಿದ್ದರಿಂದಲೇ ನ್ಯುಮೋನಿಯಾ ಇಳಿದದ್ದನ್ನು ಸಂಶೋಧಕರು ತೋರಿಸಿದ್ದಾರೆ. ಮೂಗಿಗೆ ನಳಿಕೆ ಹಾಕಿದವರಿಗೂ ಇದು ಅನ್ವಯಿಸುತ್ತದೆ. ಬಾಯಿಂದ ಉಣ್ಣುವುದಿಲ್ಲವಲ್ಲ ಎಂದು ಅವರ ಬಾಯನ್ನು ಮರೆತುಬಿಡುತ್ತೇವೆ.

ನಳಿಕೆಯ ಬಗ್ಗೆ ಈ ಭಾಗದಲ್ಲಿ ಎರಡು ಬಗೆಯ ಭಯ. "ಪೈಪ್ ಹಾಕಿದ್ರ ಮುಗೀತು" ಎನ್ನುವವರು ಹಸಿವಿನಲ್ಲೇ ರೋಗಿಯನ್ನು ಮನೆಗೆ ಒಯ್ಯುತ್ತಾರೆ. ಇನ್ನು ಕೆಲವರು ಹಾಕಿದ ನಳಿಕೆಯನ್ನು ತೆಗೆಸಲು ಹೆದರಿ, ನುಂಗಲು ಬಂದಿದೆಯೇ ಎಂದು ಯಾರೂ ನೋಡದೆ, ತಿಂಗಳುಗಟ್ಟಲೆ ಬಿಡುತ್ತಾರೆ. ಲಕ್ವಾದ ಮೊದಲ ಎರಡು-ಮೂರು ವಾರ ಮೂಗಿನ ನಳಿಕೆಯೇ ಲೇಸು, ಹೊಟ್ಟೆಗೆ ನೇರ ಹಾಕುವ ಪೆಗ್ ನಳಿಕೆಗೆ ಅವಸರ ಬೇಡ ಎಂದು ಲಕ್ವಾ ರೋಗಿಗಳ ಮೇಲೆ ನಡೆದ, ಫುಡ್ ಎಂಬ ಹೆಸರಿನ 2005ರ ಪ್ರಯೋಗ ತಿಳಿಸಿತು. ದೀರ್ಘಕಾಲ ಬೇಕಾದವರಿಗೆ, ಮುಖ್ಯವಾಗಿ ಮೋಟರ್ ನ್ಯೂರಾನ್ ಕಾಯಿಲೆಯವರಿಗೆ, ಉಸಿರಿನ ಬಲ ಇರುವಾಗಲೇ ಪೆಗ್ ಹಾಕಿಸುವುದು ಒಳಿತು. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಹೋದವರಿಗೆ ನಳಿಕೆಯಿಂದ ಆಯುಷ್ಯ ಹೆಚ್ಚುವುದಿಲ್ಲ. ಅವರಿಗೆ ಬೇಕಾದದ್ದು ಬಳಿಯಲ್ಲಿ ಕುಳಿತು, ತಿಂದಷ್ಟನ್ನು ಕೈಯಾರೆ ಉಣಿಸುವ ಮನುಷ್ಯರು. ಇದನ್ನು ಮನೆಯವರಿಗೆ ಮೆಲ್ಲಗೆ, ಅವರ ಮಾತಿನಲ್ಲಿ ಬಿಡಿಸಿ ಹೇಳುವ ಸಮಯ ವೈದ್ಯರಿಗೆ ಇರಬೇಕು.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು. 2008ರಲ್ಲಿ ಬಂದ 108 ಆಂಬುಲೆನ್ಸ್ ಲಕ್ವಾ ರೋಗಿಯ ದಾರಿಯನ್ನು ಚಿಕ್ಕದು ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಮತ್ತು ದೀರ್ಘಕಾಲದ ನರರೋಗಗಳನ್ನು ತನ್ನ 21 ವರ್ಗಗಳಲ್ಲಿ ಸೇರಿಸಿತು. 2022ರಲ್ಲಿ ನಿಮ್ಹಾನ್ಸ್ ಮತ್ತು ನೀತಿ ಆಯೋಗದ ಜೊತೆಗೂಡಿ ರಾಜ್ಯ ಶುರುಮಾಡಿದ ಮಿದುಳಿನ ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಪ್ರಯೋಗವಾಗಿ, ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿತು. ಧಾರವಾಡದಲ್ಲೇ ವಾಕ್ ಶ್ರವಣ ಪದವಿ ಕಲಿಸುವ ಸಂಸ್ಥೆ ಇದೆ. ಆದರೂ ಜಿಲ್ಲಾ ಕೇಂದ್ರ ದಾಟಿದ ಮೇಲೆ ನುಂಗುವಿಕೆ ಬಲ್ಲ ವಾಕ್ ತಜ್ಞರು ಸಿಗುವುದು ಅಪರೂಪ. ಘಟಪ್ರಭಾದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಕರ್ನಾಟಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದ ಸೀಮೆ ಇದು, ಸೇವಾದಳದ ನಾ. ಸು. ಹರ್ಡೀಕರರಂಥವರ ನಂಟಿದ್ದ ಸಂಸ್ಥೆ ಅದು. ಹಳ್ಳಿಯವರಿಗೆ ಹಳ್ಳಿಯ ಬಳಿಯೇ ವೈದ್ಯವೆಂಬ ಆಗಿನ ಹಟ ಈಗಲೂ ಬೇಕು.

ಆದ್ದರಿಂದ ಈ ಮೂರು ತಾಲ್ಲೂಕುಗಳ ಜನಪ್ರತಿನಿಧಿಗಳಲ್ಲಿ ಮತ್ತು ಆರೋಗ್ಯ ಇಲಾಖೆಯಲ್ಲಿ ನಮ್ಮ ಬೇಡಿಕೆ ಇಷ್ಟು. ಗೋಕಾಕ, ಮೂಡಲಗಿ, ಹುಕ್ಕೇರಿಗೆ ಸೇರಿ ಒಬ್ಬ ವಾಕ್ ತಜ್ಞರನ್ನಾದರೂ ನೇಮಿಸಿ, ವಾರಕ್ಕೆ ಎರಡು ದಿನದಂತೆ ಮೂರೂ ಆಸ್ಪತ್ರೆಗಳಿಗೆ ಹಂಚಿ. ಅವರು ಬರುವವರೆಗೆ ಕಾಯದೆ ಒಳರೋಗಿ ವಿಭಾಗದ ನರ್ಸ್‌ಗಳಿಗೆ ನುಂಗುವ ಪರೀಕ್ಷೆಯ ತರಬೇತಿ ಕೊಡಿಸಿ. ವಿಡಿಯೊ ಮೂಲಕ ದೂರದ ರೋಗಿಗಳನ್ನು ನೋಡುವ ಅನುಭವ ಮೈಸೂರಿನ ಸಂಸ್ಥೆಗೆ ಇದೆ. ಕಷ್ಟದ ಪ್ರಕರಣಗಳಲ್ಲಿ ಅವರ ಸಲಹೆ ಪಡೆಯಲು ನಿಗದಿತ ವೇಳೆ ಗೊತ್ತುಮಾಡಿ. ಲಕ್ವಾ, ಹಾವು ಕಡಿತ, ಕೀಟನಾಶಕ ಸೇವನೆಯಿಂದ ದಾಖಲಾದ ಪ್ರತಿ ರೋಗಿಯ ಕೇಸ್ ಶೀಟಿನಲ್ಲಿ ನುಂಗುವ ಪರೀಕ್ಷೆ ಮಾಡಿದ ಹೊತ್ತು ಮತ್ತು ಮಾಡಿದವರ ಸಹಿಗೆ ಒಂದು ಸಾಲು ಅಚ್ಚಾಗಲಿ. ಆ ಸಾಲು ತುಂಬುವವರೆಗೆ ಹಾಸಿಗೆಯ ತಲೆಗಡೆ "ಬಾಯಿಂದ ನೀರು ಸಹ ಕೊಡಬೇಡಿ" ಎಂಬ ಫಲಕವನ್ನು ಕನ್ನಡದಲ್ಲೂ ಮರಾಠಿಯಲ್ಲೂ ತೂಗುಹಾಕಿ. ಡಿಸ್ಚಾರ್ಜಿನ ಹಿಂದಿನ ದಿನ, ಮನೆಯಲ್ಲಿ ಉಣಿಸಲಿರುವ ಸೊಸೆಯನ್ನೋ ಮಗನನ್ನೋ ಕೂರಿಸಿಕೊಂಡು ಒಂದು ಊಟವನ್ನು ಅವರ ಕೈಯಿಂದಲೇ ಮಾಡಿಸಿ ನೋಡಿ ಕಳಿಸಿ.